ಆಯಗಾರರಿಂದ ಆಯವ್ಯಯಕ್ಕೆ: ಬೆಂಗಳೂರು ನಗರಾಡಳಿತದ ಸೇವೆಗಳು ಮತ್ತು ಅವುಗಳ ಸಂಪನ್ಮೂಲ

ನಗರಾಡಳಿತವನ್ನು ಕುರಿತ ಅಧ್ಯಯನಗಳು ಸಾಮಾನ್ಯವಾಗಿ ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಮತ್ತು ನಗರ ಯೋಜನೆಯ ಚೌಕಟ್ಟಿನಲ್ಲಿ ನಡೆದಿವೆ. ಜಾನಪದವು ಗ್ರಾಮಕ್ಕೆ ಸೇರಿದುದು, ನಗರಸಭೆಯು ಕಾನೂನಿಗೆ ಸೇರಿದುದು ಎಂಬ ಗ್ರಹಿಕೆಯೇ ಇದಕ್ಕೆ ಕಾರಣ. ಆದರೆ ಕೆರೆಯ ತೂಬನ್ನು ಎತ್ತುವವರು ಯಾರು, ಬೀದಿಯನ್ನು ಗುಡಿಸುವವರು ಯಾರು, ರಾತ್ರಿಯ ಕಾವಲು ಯಾರದು, ಇವರಿಗೆಲ್ಲ ಸಲ್ಲಬೇಕಾದುದನ್ನು ಕೊಡುವವರು ಯಾರು ಎಂಬ ಪ್ರಶ್ನೆಗಳು ನಗರಸಭೆಗಿಂತ ಬಹಳ ಹಳೆಯವು. ಕನ್ನಡ ಜನಪದವು ಇವುಗಳಿಗೆ ತನ್ನದೇ ಆದ ಉತ್ತರಗಳನ್ನು ಕಂಡುಕೊಂಡಿತ್ತು. ಮುಂಗಡ ಪತ್ರಕ್ಕೆ ಕನ್ನಡದಲ್ಲಿ ಬಳಕೆಯಾಗುವ ‘ಆಯವ್ಯಯ’ ಎಂಬ ಪದದ ಮೊದಲ ಭಾಗವೇ ‘ಆಯಗಾರ’ ಎಂಬ ಪದದ ಮೊದಲ ಭಾಗವೂ ಆಗಿದೆ. ಈ ಎರಡು ಪದಗಳ ನಡುವಿನ ದೂರವನ್ನು ಬೆಂಗಳೂರಿನ ನಿದರ್ಶನದ ಮೂಲಕ ಗುರುತಿಸುವುದು, ಆ ದಾರಿಯಲ್ಲಿ ಬದಲಾದುದೇನು, ಬದಲಾಗದೆ ಉಳಿದುದೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆಯದ ಪರಿಕಲ್ಪನೆ

ಹಳೆಯ ಮೈಸೂರು ಪ್ರಾಂತ್ಯದ ಗ್ರಾಮಗಳಲ್ಲಿ ‘ಹನ್ನೆರಡು ಆಯಗಾರರು’ ಎಂಬ ಮಾತು ರೂಢಿಯಲ್ಲಿತ್ತು. ಉತ್ತರ ಕರ್ನಾಟಕದಲ್ಲಿ ಇವರನ್ನು ಬಲುತೇದಾರರೆಂದು ಕರೆಯುತ್ತಿದ್ದರು. ಪಟೇಲ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ಜೋಯಿಸ ಮೊದಲಾದವರು ಈ ಪಟ್ಟಿಯಲ್ಲಿ ಬರುತ್ತಾರೆ. ಪಟ್ಟಿಯು ಪ್ರದೇಶದಿಂದ ಪ್ರದೇಶಕ್ಕೆ ಅಷ್ಟಿಷ್ಟು ಬದಲಾಗುತ್ತದೆ. ಸುಗ್ಗಿಯ ಕಾಲದಲ್ಲಿ ಕಣದಲ್ಲಿಯೇ ಪ್ರತಿಯೊಬ್ಬರಿಗೂ ಧಾನ್ಯದ ಪಾಲು ಸಲ್ಲುತ್ತಿತ್ತು. ಇದೇ ಆಯ. ಕೆಲವರಿಗೆ ಇದರ ಜೊತೆಗೆ ಇನಾಮು ಭೂಮಿಯೂ ಇರುತ್ತಿತ್ತು. ಸೇವೆಯನ್ನು ಪಡೆಯುವವನು ಮತ್ತು ಸಲ್ಲಿಸುವವನು ಮುಖಾಮುಖಿಯಾಗುತ್ತಿದ್ದುದು, ಬೆಳೆ ಬಂದರೆ ಇಬ್ಬರಿಗೂ ಬಂದು, ಹೋದರೆ ಇಬ್ಬರಿಗೂ ಹೋಗುತ್ತಿದ್ದುದು ಈ ಪದ್ಧತಿಯ ಮುಖ್ಯ ಲಕ್ಷಣಗಳು.

ದೊಡ್ಡ ಕಾಮಗಾರಿಗಳಿಗೆ ಬೇರೆಯೇ ಏರ್ಪಾಡು ಇತ್ತು. ಶಾಸನಗಳಲ್ಲಿ ಕಾಣಬರುವ ಬಿತ್ತುವಟ್ಟ, ಕಟ್ಟುಗೊಡಗೆ, ದಶವಂದ ಎಂಬ ಪಾರಿಭಾಷಿಕ ಪದಗಳು ಕೆರೆಯ ನಿರ್ಮಾಣಕ್ಕೆ ಮತ್ತು ದುರಸ್ತಿಗೆ ಮೀಸಲಾದ ದತ್ತಿಗಳನ್ನು ಸೂಚಿಸುತ್ತವೆ. ಕೆರೆಯ ಖರ್ಚನ್ನು ಕೆರೆಯಡಿಯ ಗದ್ದೆಯಿಂದಲೇ ಹುಟ್ಟಿಸುವ ಜಾಣ್ಮೆ ಇವುಗಳಲ್ಲಿದೆ. ಜಾತ್ರೆ, ದೇವರ ಕಾರ್ಯಗಳಿಗೆ ಮನೆ ಲೆಕ್ಕದಲ್ಲಿ ‘ವಂತಿಗೆ’ ಎತ್ತುವ ಕ್ರಮ ಇಂದಿಗೂ ಜೀವಂತವಾಗಿದೆ.

ಈ ವ್ಯವಸ್ಥೆಯನ್ನು ಸ್ವಯಂಪೂರ್ಣ ಗ್ರಾಮದ ಸುಂದರ ಚಿತ್ರವಾಗಿ ಕಾಣುವ ಪ್ರವೃತ್ತಿಯೊಂದಿದೆ. ಅದನ್ನು ಒಪ್ಪಲಾಗದು. ತೋಟಿಯ ಕೆಲಸ ಹಾಗೂ ಹೆಚ್ಚಿನ ಕಡೆ ನೀರಗಂಟಿಯ ಕೆಲಸ ದಲಿತ ಸಮುದಾಯಗಳಿಗೆ ಹುಟ್ಟಿನಿಂದಲೇ ಅಂಟಿಕೊಂಡಿದ್ದವು. ಆಯದ ಪಾಲಿನಲ್ಲಿ ಮೇಲು ಕೀಳಿತ್ತು. ‘ಬಿಟ್ಟಿ’ ಎಂಬ ಪದವು ಸೂಚಿಸುವ ಕೂಲಿಯಿಲ್ಲದ ದುಡಿಮೆಯೂ ಇತ್ತು. 1961ರ ಕರ್ನಾಟಕ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯು ಈ ವಂಶಪಾರಂಪರ್ಯವನ್ನು ಕಾನೂನಿನ ಮಟ್ಟದಲ್ಲಿ ಕೊನೆಗಾಣಿಸಿತು. ಹುದ್ದೆಗಳು ಹೋದರೂ ಕೆಲಸಗಳು ಉಳಿದವು. ಅವು ಎಲ್ಲಿಗೆ ಹೋದವು ಎಂಬುದೇ ಮುಂದಿನ ಪ್ರಶ್ನೆ.

ಪೇಟೆಯಿಂದ ಪುರಸಭೆಗೆ

1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆಂದು ಹೇಳಲಾಗುವ ಬೆಂಗಳೂರಿನ ಪೇಟೆಯು ವೃತ್ತಿ ಸಮುದಾಯಗಳ ಬೀದಿಗಳಾಗಿ ಬೆಳೆಯಿತು. ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ನಗರ್ತಪೇಟೆ, ತಿಗಳರಪೇಟೆ ಎಂಬ ಹೆಸರುಗಳು ಇಂದಿಗೂ ಈ ವಿನ್ಯಾಸವನ್ನು ಸಾರುತ್ತವೆ. ಪ್ರತಿ ಸಮುದಾಯಕ್ಕೂ ತನ್ನ ಯಜಮಾನ, ತನ್ನ ದೇವಸ್ಥಾನ, ತನ್ನ ಪಂಚಾಯಿತಿ ಇದ್ದವು. ಪೇಟೆಯ ಸೇವೆಗಳು ಈ ಸಂಬಂಧಗಳ ಒಳಗೇ ನಡೆಯುತ್ತಿದ್ದವು. ಅರಸೊತ್ತಿಗೆಗೆ ಸಲ್ಲುತ್ತಿದ್ದುದು ಸುಂಕ ಹಾಗೂ ಮನೆ, ಅಂಗಡಿ, ಮಗ್ಗಗಳ ಮೇಲಿನ ಮೊಹತರ್ಫ ತೆರಿಗೆ. ಮಾಗಡಿ ರಸ್ತೆಯ ಸುಂಕದಕಟ್ಟೆ ಎಂಬ ಸ್ಥಳನಾಮವು ಊರ ಬಾಗಿಲಲ್ಲಿ ಸರಕಿನ ಮೇಲೆ ಸುಂಕ ಎತ್ತುತ್ತಿದ್ದ ಕಾಲವನ್ನು ನೆನಪಿಸುತ್ತದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯಲ್ಲಿ ತೆರಿಗೆ ಎತ್ತುವ ಅಧಿಕಾರದ ಬಗೆಗೆ ಜನಸಾಮಾನ್ಯರ ಅನುಭವವೆಲ್ಲ ಅಡಗಿದೆ.

1850ರ ಪಟ್ಟಣ ಸುಧಾರಣಾ ಕಾಯಿದೆಯ ಅನ್ವಯ 1862ರಲ್ಲಿ ಬೆಂಗಳೂರು ಪೇಟೆಗೂ ದಂಡು ಪ್ರದೇಶಕ್ಕೂ ಬೇರೆ ಬೇರೆ ಪುರಮಂಡಲಿಗಳು ರಚನೆಯಾದವು. ನಗರಾಡಳಿತದ ಆಧುನಿಕ ಚರಿತ್ರೆ ಇಲ್ಲಿಂದ ಆರಂಭವಾಗುತ್ತದೆ. 1881ರ ನಂತರ ಇವು ಎರಡು ಸ್ವತಂತ್ರ ಪುರಸಭೆಗಳಾಗಿ ಬೆಳೆದು, 1949ರ ಕಾಯಿದೆಯ ಮೂಲಕ ಒಂದೇ ನಗರಪಾಲಿಕೆಯಾದವು. 1976ರ ಕರ್ನಾಟಕ ಪೌರನಿಗಮಗಳ ಅಧಿನಿಯಮವು ರಾಜ್ಯದ ಮಹಾನಗರಗಳಿಗೆಲ್ಲ ಸಮಾನ ಚೌಕಟ್ಟನ್ನು ಒದಗಿಸಿತು. 2007ರಲ್ಲಿ ಸುತ್ತಲಿನ 7 ನಗರಸಭೆಗಳು, ಒಂದು ಪುರಸಭೆ ಮತ್ತು 110 ಗ್ರಾಮಗಳನ್ನು ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಅಸ್ತಿತ್ವಕ್ಕೆ ಬಂದಿತು. 2024ರ ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮದ ಮೇರೆಗೆ 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯ ಸ್ಥಾನದಲ್ಲಿ ಐದು ನಗರಪಾಲಿಕೆಗಳು ರಚನೆಯಾದವು. ಇವುಗಳ ಮೇಲೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರವಿದೆ.

2007ರಲ್ಲಿ ನಗರದೊಳಗೆ ಬಂದ 110 ಗ್ರಾಮಗಳು ಜಾನಪದ ಅಧ್ಯಯನದ ದೃಷ್ಟಿಯಿಂದ ವಿಶೇಷ ಗಮನಕ್ಕೆ ಅರ್ಹವಾಗಿವೆ. ಗ್ರಾಮದೇವತೆ, ಕೆರೆ, ಗುಂಡುತೋಪು, ಗೋಮಾಳಗಳ ಸುತ್ತ ಹೆಣೆದುಕೊಂಡಿದ್ದ ಈ ಊರುಗಳು ಆಡಳಿತದ ಕಡತದಲ್ಲಿ ವಾರ್ಡುಗಳಾದವು. ಊರಿಗೆ ಗಡಿಕಲ್ಲು ಇರುತ್ತದೆ, ಗಡಿದೇವತೆ ಇರುತ್ತಾಳೆ. ವಾರ್ಡಿನ ಗಡಿಯನ್ನು ಜನಸಂಖ್ಯೆಯ ಲೆಕ್ಕವು ತೀರ್ಮಾನಿಸುತ್ತದೆ. ಪ್ರತಿ ಮರುವಿಂಗಡಣೆಯಲ್ಲಿಯೂ ಅದು ಸ್ಥಳ ಬದಲಿಸುತ್ತದೆ.

ಆದಾಯದ ಮೂಲಗಳು

ನಗರಪಾಲಿಕೆಯ ಸ್ವಂತ ಆದಾಯದಲ್ಲಿ ಆಸ್ತಿ ತೆರಿಗೆಗೆ ಅಗ್ರಸ್ಥಾನವಿದೆ. ಇದರೊಂದಿಗೆ ಉದ್ದಿಮೆ ಪರವಾನಗಿ, ಕಟ್ಟಡ ನಕ್ಷೆಯ ಮಂಜೂರಾತಿ ಮತ್ತು ಖಾತೆಯ ಶುಲ್ಕಗಳು, ಸುಧಾರಣಾ ಶುಲ್ಕ, ಮಾರುಕಟ್ಟೆ ಮಳಿಗೆಗಳ ಬಾಡಿಗೆ ಸೇರುತ್ತವೆ. ಹೊರಗಿನಿಂದ ಬರುವ ಹಣದಲ್ಲಿ ರಾಜ್ಯ ಹಣಕಾಸು ಆಯೋಗ ಮತ್ತು ಕೇಂದ್ರ ಹಣಕಾಸು ಆಯೋಗಗಳ ಶಿಫಾರಸಿನ ಅನುದಾನಗಳು ಹಾಗೂ ಸಾಲಗಳು ಮುಖ್ಯವಾದವು. 1979ರಲ್ಲಿ ಕರ್ನಾಟಕದಲ್ಲಿ ಅಕ್ಟ್ರಾಯ್ ಸುಂಕ ರದ್ದಾದಾಗ ನಗರಸಭೆಗಳು ದಿನನಿತ್ಯ ಕೈಗೆ ಬರುತ್ತಿದ್ದ ಆದಾಯವನ್ನು ಕಳೆದುಕೊಂಡು, ಸರ್ಕಾರದ ಅನುದಾನದ ಮೇಲೆ ಹೆಚ್ಚು ಅವಲಂಬಿಸಬೇಕಾಯಿತು. ಸರಕು ಮತ್ತು ಸೇವಾ ತೆರಿಗೆಗೆ ದಾರಿ ಮಾಡಿದ 2016ರ ಸಂವಿಧಾನ ತಿದ್ದುಪಡಿಯು ಜಾಹೀರಾತು ತೆರಿಗೆಯ ಬಾಬನ್ನು ರಾಜ್ಯಪಟ್ಟಿಯಿಂದಲೇ ತೆಗೆದುಹಾಕಿತು. ಹೀಗೆ ಸ್ವಂತ ತೆರಿಗೆಗಳು ಒಂದೊಂದಾಗಿ ಕಡಿಮೆಯಾಗಿ ಆಸ್ತಿ ತೆರಿಗೆಯ ಭಾರವೇ ಹೆಚ್ಚಾಯಿತು.

ಆಸ್ತಿ ತೆರಿಗೆಯ ನಿರ್ಧಾರ ಬಹುಕಾಲ ಅಧಿಕಾರಿಯ ಅಳತೆ, ಅಂದಾಜುಗಳಿಗೆ ಒಳಪಟ್ಟಿತ್ತು. 2000ದಲ್ಲಿ ಬೆಂಗಳೂರಿನಲ್ಲಿ ಜಾರಿಗೆ ಬಂದ ಸ್ವಯಂ ಘೋಷಣೆ ಪದ್ಧತಿಯು ಮನೆಯ ಮಾಲೀಕನೇ ಲೆಕ್ಕ ಹಾಕಿ ತೆರಿಗೆ ಕಟ್ಟುವ ಅವಕಾಶವನ್ನು ನೀಡಿತು. 2008ರಲ್ಲಿ ನಗರವನ್ನು ವಲಯಗಳಾಗಿ ವಿಂಗಡಿಸಿ, ಚದರಡಿಗೆ ಇಷ್ಟೆಂದು ದರ ಗೊತ್ತುಪಡಿಸುವ ಕ್ರಮ ಬಂದಿತು. ತಿಂಗಳ ದರವನ್ನು 10 ತಿಂಗಳಿಗೆ ಲೆಕ್ಕ ಹಾಕಿ, ಕಟ್ಟಡದ ಸವಕಳಿಯನ್ನು ಕಳೆದು, ಉಳಿದ ಮೊತ್ತದ ಮೇಲೆ ವಾಸದ ಕಟ್ಟಡಕ್ಕೆ ಶೇ. 20ರಷ್ಟು, ವಾಸೇತರ ಕಟ್ಟಡಕ್ಕೆ ಶೇ. 25ರಷ್ಟು ತೆರಿಗೆ ವಿಧಿಸುವುದು ಇದರ ವಿಧಾನ. ಸುಂಕದಕಟ್ಟೆಯಲ್ಲಿ ನಿಂತ ಅಧಿಕಾರಿಯು ಮೂಟೆ ಬಿಚ್ಚಿಸಿ ನೋಡುತ್ತಿದ್ದ ಕಾಲಕ್ಕೆ ಹೋಲಿಸಿದರೆ ತೆರಿಗೆದಾರನ ಮಾತನ್ನು ಮೊದಲು ನಂಬುವ ಈ ಕ್ರಮವು ದೊಡ್ಡ ಪಲ್ಲಟವೇ ಸರಿ.

ಆಸ್ತಿ ತೆರಿಗೆಯ ರಸೀದಿಯಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಬಾಬೊಂದು ಉಪಕರಗಳದು. ತೆರಿಗೆಯ ಮೇಲೆ ಶೇ. 15 ಆರೋಗ್ಯ ಕರ, ಶೇ. 6 ಗ್ರಂಥಾಲಯ ಕರ, ಶೇ. 3 ಭಿಕ್ಷುಕರ ಕರ ಸೇರುತ್ತವೆ. 1000 ರೂಪಾಯಿ ತೆರಿಗೆ ಕಟ್ಟುವ ಕುಟುಂಬವು ಇವುಗಳ ಮೂಲಕ 150 ರೂಪಾಯಿಯನ್ನು ಆರೋಗ್ಯಕ್ಕೆ, 60 ರೂಪಾಯಿಯನ್ನು ಪುಸ್ತಕಕ್ಕೆ, 30 ರೂಪಾಯಿಯನ್ನು ನಿರ್ಗತಿಕರಿಗೆ ಕೊಟ್ಟಂತಾಗುತ್ತದೆ. ಒಂದು ನಿರ್ದಿಷ್ಟ ಕಾರ್ಯಕ್ಕೆಂದು ಎತ್ತಿ ಅದಕ್ಕೇ ಮೀಸಲಿಡುವ ಈ ಕ್ರಮ ವಂತಿಗೆಯ ತತ್ವಕ್ಕೆ ಬಹಳ ಹತ್ತಿರವಾದುದು. ಆದರೆ ವಂತಿಗೆಯಲ್ಲಿ ಎತ್ತುವವರೂ ವೆಚ್ಚ ಮಾಡುವವರೂ ಒಬ್ಬರೇ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಕರವನ್ನು ಸಂಗ್ರಹಿಸುವುದು ನಗರ ಸ್ಥಳೀಯ ಸಂಸ್ಥೆ, ಬಳಸಬೇಕಾದುದು ಗ್ರಂಥಾಲಯ ಪ್ರಾಧಿಕಾರ. ಸಂಗ್ರಹವಾದ ಹಣ ಸಕಾಲದಲ್ಲಿ ಗ್ರಂಥಾಲಯಗಳಿಗೆ ವರ್ಗವಾಗದೆ ಬಾಕಿ ಉಳಿಯುತ್ತದೆಂಬುದು ಗ್ರಂಥಾಲಯ ಕ್ಷೇತ್ರದಲ್ಲಿ ಮತ್ತೆ ಮತ್ತೆ ಕೇಳಿಬಂದಿರುವ ದೂರು. ದೇವರ ಹೆಸರಿನಲ್ಲಿ ಎತ್ತಿದ ವಂತಿಗೆಯನ್ನು ಬೇರೆಡೆ ಬಳಸಿದರೆ ಊರು ಸುಮ್ಮನಿರುವುದಿಲ್ಲ. ಪುಸ್ತಕದ ಹೆಸರಿನಲ್ಲಿ ಎತ್ತಿದುದಕ್ಕೆ ಅಂತಹ ಕಾವಲು ಇನ್ನೂ ರೂಪುಗೊಂಡಿಲ್ಲ.

ನೀರು: ನೀರಗಂಟಿಯಿಂದ ಮಂಡಳಿಗೆ

ಬೆಂಗಳೂರು ನದಿಯಿಲ್ಲದ ಊರು. ಧರ್ಮಾಂಬುಧಿ, ಸಂಪಂಗಿ, ಕೆಂಪಾಂಬುಧಿ ಮೊದಲಾದ ಕೆರೆಗಳೂ ಬಾವಿ, ಕಲ್ಯಾಣಿಗಳೂ ಅದರ ಜೀವಾಳವಾಗಿದ್ದವು. ನೀರಗಂಟಿಯು ತೂಬನ್ನು ಎತ್ತಿ ಇಳಿಸಿ, ಸರದಿಯಂತೆ ಗದ್ದೆಗಳಿಗೆ ನೀರು ಹಾಯಿಸಿ, ಮಳೆಗಾಲದಲ್ಲಿ ಏರಿಯನ್ನು ಕಾಯುತ್ತಿದ್ದ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಗಳ ಮೂಲಕ ನೀರು ತರುವ ಯೋಜನೆ ಕಾರ್ಯರೂಪಕ್ಕೆ ಬಂದಾಗ ನಗರವು ಮೊದಲ ಬಾರಿಗೆ ತನ್ನ ಗಡಿಯಾಚೆಯ ನೀರನ್ನು ಅವಲಂಬಿಸಿತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಸೇರಿಕೊಂಡಿತು. 1964ರಲ್ಲಿ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಸ್ಥಾಪನೆಯಾದಾಗ ಈ ಸೇವೆಯು ನಗರಪಾಲಿಕೆಯ ಕೈಯಿಂದ ಹೊರಟುಹೋಯಿತು. 1974ರಲ್ಲಿ ಕಾವೇರಿ ನೀರಿನ ಮೊದಲ ಹಂತ ಬಂದಿತು. 2024ರ ಅಕ್ಟೋಬರಿನಲ್ಲಿ ಐದನೆಯ ಹಂತ ಉದ್ಘಾಟನೆಯಾಯಿತು. ಈ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಏರಿ ಬರಬೇಕು. ಇದರಿಂದ ವಿದ್ಯುತ್ತಿನ ವೆಚ್ಚವೇ ನೀರಿನ ಬೆಲೆಯ ಬಹುಪಾಲನ್ನು ನಿರ್ಧರಿಸುವಂತಾಗಿದೆ.

ಅತ್ತ ಊರೊಳಗಿನ ಕೆರೆಗಳು ತಮ್ಮ ಕೆಲಸವನ್ನು ಕಳೆದುಕೊಂಡವು. ಧರ್ಮಾಂಬುಧಿಯ ಅಂಗಳ ಕೆಂಪೇಗೌಡ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದು ನಿಂತಿತು. ಆದರೂ ಕ್ರೀಡಾಂಗಣದ ಬದಿಯಲ್ಲಿ ಸಂಪಂಗಿ ಕೆರೆಯ ಒಂದು ಸಣ್ಣ ತುಂಡು ಉಳಿದುಕೊಂಡಿದೆ. ತಿಗಳ ಸಮುದಾಯದ ಬೆಂಗಳೂರು ಕರಗದ ಆಚರಣೆಗೆ ಅಲ್ಲಿನ ನೀರು ಬೇಕು ಎಂಬುದೇ ಅದು ಉಳಿದಿರುವುದಕ್ಕೆ ಕಾರಣ. ಯಾವ ಯೋಜನಾ ನಕ್ಷೆಯೂ ಉಳಿಸದ ಕೆರೆಯ ಗುರುತನ್ನು ಆಚರಣೆಯೊಂದು ಉಳಿಸಿತು. ಚೈತ್ರ ಪೂರ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಟು ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಭೇಟಿ ನೀಡುವ ಕರಗದ ದಾರಿಯು ಹಳೆಯ ಪೇಟೆಯ ಬೀದಿಗಳ ಸಮೀಕ್ಷೆಯೂ ಹೌದು. ಕರಗ ಬರುವ ಮುನ್ನ ಗುಂಡಿ ಮುಚ್ಚಿ ದೀಪ ಸರಿಪಡಿಸಬೇಕಾಗಿ ಬರುವ ನಗರಪಾಲಿಕೆಯು ಅಷ್ಟರ ಮಟ್ಟಿಗೆ ಆಚರಣೆಗೆ ಉತ್ತರದಾಯಿಯಾಗುತ್ತದೆ.

ಕಸ, ಗಡಿ ಮತ್ತು ಮಾರಿ

1898ರಲ್ಲಿ ಬೆಂಗಳೂರಿಗೆ ತಗುಲಿದ ಪ್ಲೇಗು ನಗರಾಡಳಿತದ ಸ್ವರೂಪವನ್ನೇ ಬದಲಿಸಿತು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರತರುವ ಉದ್ದೇಶದಿಂದ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. ಅಗಲವಾದ ಬೀದಿ, ಗಾಳಿ ಬೆಳಕು, ಮನೆಯ ಹಿಂಬದಿಯಲ್ಲಿ ಮಲ ಸಾಗಿಸಲು ಬೇರೆಯೇ ಓಣಿ ಇವುಗಳ ವಿನ್ಯಾಸದ ಅಂಗವಾಗಿದ್ದವು. ಇದೇ ಅವಧಿಯಲ್ಲಿ ಜನರು ಪ್ಲೇಗಿನಮ್ಮನ ಗುಡಿಗಳನ್ನೂ ಕಟ್ಟಿಕೊಂಡರು. ಒಂದೇ ಸಂಕಟಕ್ಕೆ ನಗರಸಭೆಯು ಬಡಾವಣೆಯ ಮೂಲಕ, ಜನಪದವು ದೇವತೆಯ ಮೂಲಕ ಸ್ಪಂದಿಸಿದವು. ಊರನ್ನೇ ಖಾಲಿ ಮಾಡಿ ಹೊರಗೆ ತಂಗುವ ‘ಹೊರಬೀಡು’ ಆಚರಣೆಯನ್ನು ಬಲ್ಲ ಸಮಾಜಕ್ಕೆ, ರೋಗ ಬಂದಾಗ ಊರು ಬಿಡುವುದು ಹೊಸ ವಿಚಾರವೇನೂ ಆಗಿರಲಿಲ್ಲ.

ರೋಗ ಬಂದಾಗ ಮಾರಿಯನ್ನು ಪೂಜಿಸಿ ಊರ ಗಡಿ ದಾಟಿಸಿ ಬಿಟ್ಟುಬರುವುದು ಕರ್ನಾಟಕದ ಹಲವೆಡೆ ಕಂಡುಬರುವ ಪದ್ಧತಿ. ಗಡಿಯಾಚೆಗೆ ಬಿಟ್ಟ ಮಾರಿಯು ಮುಂದಿನ ಊರಿನ ಪಾಲಿಗೆ ಬರುತ್ತಾಳೆ. ಆ ಊರಿನವರು ಅವಳನ್ನು ತಮ್ಮ ಗಡಿಯಾಚೆಗೆ ಕಳುಹಿಸುತ್ತಾರೆ. ಬೆಂಗಳೂರಿನ ಕಸದ ಇತಿಹಾಸವು ಈ ಆಚರಣೆಯ ತರ್ಕವನ್ನೇ ಅನುಸರಿಸಿದೆ. ನಗರದ ಕಸ ಗಡಿಯಾಚೆಯ ಮಾವಳ್ಳಿಪುರ, ಮಂಡೂರುಗಳಿಗೆ ಹೋಯಿತು. ಅಲ್ಲಿಯ ಗ್ರಾಮಸ್ಥರ ಬಾವಿ, ಗಾಳಿ, ಆರೋಗ್ಯ ಕೆಟ್ಟು ಪ್ರತಿಭಟನೆಗಳು ನಡೆದ ಮೇಲೆ ಮಾವಳ್ಳಿಪುರಕ್ಕೆ ಕಸ ಸಾಗಿಸುವುದು 2012ರಲ್ಲಿ, ಮಂಡೂರಿಗೆ ಸಾಗಿಸುವುದು 2014ರ ಕೊನೆಯಲ್ಲಿ ನಿಂತಿತು. ಆದರೆ ಕಸದ ಲಾರಿ ನಿಲ್ಲಲಿಲ್ಲ. ಅದು ಬೇರೆ ಗಡಿಯನ್ನು ಹುಡುಕಿಕೊಂಡಿತು. ಹಸಿ ಕಸ, ಒಣ ಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು ಉಚ್ಚ ನ್ಯಾಯಾಲಯವು 2012ರಲ್ಲಿ ನೀಡಿದ ನಿರ್ದೇಶನವು ಈ ತರ್ಕವನ್ನು ಮುರಿಯುವ ಮೊದಲ ಗಂಭೀರ ಪ್ರಯತ್ನ. 2025ರ ಏಪ್ರಿಲ್‌ನಿಂದ ಘನತ್ಯಾಜ್ಯದ ಬಳಕೆದಾರ ಶುಲ್ಕವನ್ನು ಆಸ್ತಿ ತೆರಿಗೆಯೊಂದಿಗೆ ವಸೂಲು ಮಾಡುವ ಕ್ರಮ ಬಂದಿದೆ. ಶುಲ್ಕವು ಲಾರಿಯ ಬಾಡಿಗೆಯನ್ನು ತುಂಬಿಕೊಡಬಲ್ಲದು. ಗಡಿಯಾಚೆಯ ಊರಿನ ಬಾವಿಗೆ ಆದ ನಷ್ಟ ಆಯವ್ಯಯದ ಯಾವ ಬಾಬಿನಲ್ಲಿಯೂ ಬರುವುದಿಲ್ಲ.

ಸೇವೆಯ ಹೊರೆ ಹೊತ್ತವರು

‘ಕೆರೆಗೆ ಹಾರ’ ಎಂಬ ಪ್ರಸಿದ್ಧ ಜನಪದ ಕಥನಗೀತೆಯಲ್ಲಿ ಊರಗೌಡನು ಕಟ್ಟಿಸಿದ ಕೆರೆಗೆ ನೀರು ಬೀಳದಾಗ ಮನೆಯ ಕಿರಿಸೊಸೆ ಭಾಗೀರಥಿಯನ್ನು ಬಲಿಕೊಡಲಾಗುತ್ತದೆ. ನೀರು ಊರಿಗೆಲ್ಲ ದೊರೆಯುತ್ತದೆ. ಬೆಲೆ ತೆರುವವಳು ಮನೆಯಲ್ಲಿ ಮಾತಿಲ್ಲದ ಒಬ್ಬ ಹೆಣ್ಣುಮಗಳು. ಸಾರ್ವಜನಿಕ ಒಳಿತಿನ ನಿಜವಾದ ವೆಚ್ಚವನ್ನು ಯಾರು ಭರಿಸುತ್ತಾರೆ ಎಂಬ ಪ್ರಶ್ನೆಯನ್ನು ಈ ಗೀತೆಯಷ್ಟು ತೀಕ್ಷ್ಣವಾಗಿ ಕೇಳಿದ ಕೃತಿ ವಿರಳ. ನಗರಾಡಳಿತದಲ್ಲಿ ಈ ಪ್ರಶ್ನೆ ಪೌರಕಾರ್ಮಿಕರ ಸುತ್ತ ನಿಲ್ಲುತ್ತದೆ.

ತೋಟಿಯ ಹುದ್ದೆ ರದ್ದಾದರೂ ನಗರದ ಪೊರಕೆ ಬಹುತೇಕ ಅದೇ ಸಮುದಾಯಗಳ ಕೈಯಲ್ಲಿ ಉಳಿಯಿತು. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಬಂದವರಲ್ಲಿ ನೆರೆಯ ಆಂಧ್ರ ಪ್ರದೇಶದಿಂದ ವಲಸೆ ಬಂದ ತೆಲುಗು ಮಾತನಾಡುವ ದಲಿತ ಕುಟುಂಬಗಳು ಬಹಳ. ಬೀದಿ ಗುಡಿಸುವವರಲ್ಲಿ ಮಹಿಳೆಯರ ಸಂಖ್ಯೆಯೇ ಹೆಚ್ಚು. 1970ರ ದಶಕದಲ್ಲಿ ದೇವರಾಜ ಅರಸು ಅವರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದುದು ಈ ಚರಿತ್ರೆಯ ಮಹತ್ವದ ಘಟ್ಟ. ಐ.ಪಿ.ಡಿ. ಸಾಲಪ್ಪ ಅವರ ನೇತೃತ್ವದ ಸಮಿತಿಯು 1976ರ ತನ್ನ ವರದಿಯಲ್ಲಿ ಪೌರಕಾರ್ಮಿಕರ ಬದುಕು ಮತ್ತು ದುಡಿಮೆಯ ಸ್ಥಿತಿಗಳನ್ನು ವಿವರವಾಗಿ ದಾಖಲಿಸಿತು. ಅದಾದ ಬಳಿಕ ಗುತ್ತಿಗೆ ಪದ್ಧತಿ ಬಂದು ದುಡಿಯುವವರಿಗೂ ನಗರಸಭೆಗೂ ನಡುವೆ ಮೂರನೆಯವನು ಸೇರಿಕೊಂಡ. ಕಣದಲ್ಲಿ ರೈತ ಮತ್ತು ಆಯಗಾರ ಮುಖ ನೋಡಿಕೊಳ್ಳುತ್ತಿದ್ದರು. ಗುತ್ತಿಗೆಯಲ್ಲಿ ಆ ಮುಖಾಮುಖಿಯೂ ಇಲ್ಲವಾಯಿತು. ದೀರ್ಘಕಾಲದ ಹೋರಾಟದ ಫಲವಾಗಿ 2025ರ ಮೇ 1ರಂದು ಬೆಂಗಳೂರಿನಲ್ಲಿ 12,000ಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರಗಳನ್ನು ನೀಡಲಾಯಿತು. ಸಂಬಳ, ರಜೆ, ನಿವೃತ್ತಿ ವೇತನಗಳುಳ್ಳ ಹುದ್ದೆಯು ಹುಟ್ಟಿನ ಕಟ್ಟಿನಿಂದ ದುಡಿಮೆಯನ್ನು ಬಿಡಿಸುವ ದಾರಿಯಲ್ಲಿ ಒಂದು ದೃಢವಾದ ಹೆಜ್ಜೆ. ಆ ಹುದ್ದೆಗೆ ಎಲ್ಲ ಸಮುದಾಯದವರೂ ಅರ್ಜಿ ಹಾಕುವ ದಿನ ಬಂದಾಗ ಮಾತ್ರ ಬಿಡುಗಡೆ ಪೂರ್ಣವಾಗುತ್ತದೆ.

ಲೆಕ್ಕ ಒಪ್ಪಿಸುವ ಕ್ರಮ

ಜಾತ್ರೆ ಮುಗಿದ ಮೇಲೆ ಗುಡಿಯ ಮುಂದೆ ಕುಳಿತು ಜಮಾ ಖರ್ಚು ಓದಿ ಹೇಳುವುದು ಗ್ರಾಮಗಳ ರೂಢಿ. ನಗರಪಾಲಿಕೆಯಲ್ಲಿ ಈ ಕೆಲಸಕ್ಕೆ ವಿಸ್ತಾರವಾದ ಏರ್ಪಾಡಿದೆ. ಆಯುಕ್ತರು ಅಂದಾಜನ್ನು ಸಿದ್ಧಪಡಿಸುತ್ತಾರೆ. ತೆರಿಗೆ ಮತ್ತು ಹಣಕಾಸು ಸ್ಥಾಯಿ ಸಮಿತಿಯು ಅದನ್ನು ಪರಿಶೀಲಿಸಿ ಸಭೆಯ ಮುಂದಿಡುತ್ತದೆ. ಸಭೆಯು ಚರ್ಚಿಸಿ ಅಂಗೀಕರಿಸುತ್ತದೆ. ಲೆಕ್ಕಪತ್ರಗಳಿಗೆ ಬೇರೆಯೇ ಸ್ಥಾಯಿ ಸಮಿತಿಯಿದೆ. 1992ರ ಸಂವಿಧಾನದ 74ನೆಯ ತಿದ್ದುಪಡಿಯು ಹನ್ನೆರಡನೆಯ ಅನುಸೂಚಿಯಲ್ಲಿ 18 ವಿಷಯಗಳನ್ನು ಪಟ್ಟಿ ಮಾಡಿ, ವಾರ್ಡು ಸಮಿತಿಗಳಿಗೂ ಅವಕಾಶ ಕಲ್ಪಿಸಿತು. ಬಜೆಟ್ಟಿನ ಅಂಕಿಗಳು ತಮ್ಮ ಬೀದಿಯ ಚರಂಡಿಯಾಗಿ ಜನರಿಗೆ ಅರ್ಥವಾಗಬಲ್ಲ ಸ್ಥಳವೆಂದರೆ ವಾರ್ಡು ಸಮಿತಿಯೇ.

ಆದರೆ ಈ ಏರ್ಪಾಡಿನ ನಡುಗಂಬ ಚುನಾಯಿತ ಸಭೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆ ಪಾಲಿಕೆಗೆ ಮತ್ತೆ ಚುನಾವಣೆ ನಡೆಯಲೇ ಇಲ್ಲ. ಐದು ವರ್ಷಗಳ ಕಾಲ ಆಡಳಿತಾಧಿಕಾರಿಗಳ ಅಡಿಯಲ್ಲಿ ತೆರಿಗೆ ವಸೂಲಾಯಿತು, ಆಯವ್ಯಯ ಮಂಡನೆಯಾಯಿತು, ಕಾಮಗಾರಿ ನಡೆಯಿತು. ನೀರು ಮಂಡಳಿಗೆ, ಬಡಾವಣೆಗಳ ನಿರ್ಮಾಣ 1976ರಿಂದ ಅಭಿವೃದ್ಧಿ ಪ್ರಾಧಿಕಾರಕ್ಕೆ, ಬಸ್ಸು 1997ರಿಂದ ಸಾರಿಗೆ ಸಂಸ್ಥೆಗೆ ಸೇರಿದ ನಗರದಲ್ಲಿ ನಾಗರಿಕನು ಯಾರನ್ನು ಕೇಳಬೇಕೆಂಬುದು ಮೊದಲೇ ಅಸ್ಪಷ್ಟವಾಗಿತ್ತು. ಸಭೆಯೇ ಇಲ್ಲದಾಗ ಕೇಳುವ ಜಾಗವೂ ಇಲ್ಲದಾಯಿತು.

ಒಟ್ಟಾರೆ ಹೇಳುವುದಾದರೆ, ಆಯಗಾರ ಪದ್ಧತಿಯಿಂದ ಆಯವ್ಯಯದ ಪದ್ಧತಿಗೆ ಬಂದ ದಾರಿಯು ಕೇವಲ ಪ್ರಗತಿಯ ಕಥೆಯಾಗಲಿ ಅವನತಿಯ ಕಥೆಯಾಗಲಿ ಆಗಿಲ್ಲ. ಹುಟ್ಟಿನಿಂದ ಬಂದ ಚಾಕರಿಯ ಬದಲು ಸಂಬಳದ ಹುದ್ದೆ, ಸುಂಕದವನ ದರ್ಪದ ಬದಲು ಸ್ವಯಂ ಘೋಷಣೆಯ ತೆರಿಗೆ ಬಂದಿರುವುದು ನಿಸ್ಸಂದೇಹವಾಗಿ ಲಾಭ. ಸೇವೆ ಪಡೆಯುವವನಿಗೂ ಸಲ್ಲಿಸುವವನಿಗೂ ನಡುವಿನ ಪರಿಚಯ, ಎತ್ತಿದ ಹಣದ ಲೆಕ್ಕವನ್ನು ಎಲ್ಲರೆದುರು ಓದುವ ಕಟ್ಟುಪಾಡು ಸಡಿಲವಾಗಿರುವುದು ನಷ್ಟ. ಕೊರತೆಯನ್ನು ಬಲವಿಲ್ಲದವರ ಮೇಲೆ, ಗಡಿಯಾಚೆಯವರ ಮೇಲೆ ಹೊರಿಸುವ ರೂಢಿ ಮಾತ್ರ ಎರಡು ಕಾಲಗಳಲ್ಲಿಯೂ ಸಮಾನ. ನಗರದೊಳಗೆ ಸೇರಿಹೋದ ಗ್ರಾಮಗಳಲ್ಲಿ ನೀರಗಂಟಿಯ, ತೋಟಿಯ ಕೆಲಸ ಮಾಡಿದ ಹಿರಿಯರು ಇನ್ನೂ ಕೆಲವರಿದ್ದಾರೆ. ಅವರ ನೆನಪುಗಳನ್ನು, ಪೌರಕಾರ್ಮಿಕರ ಮೌಖಿಕ ಚರಿತ್ರೆಯನ್ನು, ಕೆರೆ ಮತ್ತು ಗಡಿಗಳ ಸ್ಥಳನಾಮಗಳನ್ನು ವಾರ್ಡುವಾರು ಸಂಗ್ರಹಿಸಿ ನಗರ ಗ್ರಂಥಾಲಯಗಳಲ್ಲಿ ಇರಿಸುವುದು ತುರ್ತಾಗಿ ಆಗಬೇಕಾದ ಕೆಲಸ. ಅದಕ್ಕೆ ಬೇಕಾದ ಹಣವನ್ನು ನಗರದ ಜನರು ಗ್ರಂಥಾಲಯ ಕರದ ರೂಪದಲ್ಲಿ ಪ್ರತಿ ವರ್ಷವೂ ಕಟ್ಟುತ್ತಿದ್ದಾರೆ.